ವಾತಾಪಿ, ಬಾದಾವಿ, ಬಾದಾಮಿ

ಸಂಜೆ ಬಿಸಿಲಿಗೆ ಕೆಂಪೇರಿ ಅಗಸ್ತ್ಯತೀರ್ಥದ ನೀರಿನಲ್ಲಿ ಮೂಡುವ ಬಾದಾಮಿಯ ಮರಳುಗಲ್ಲನ್ನು ಕಂಡವರು, ಬಂಡೆಯ ಬಾದಾಮಿ ಬಣ್ಣದಿಂದಲೇ ಊರಿಗೆ ಹೆಸರು ಬಂತು ಎನ್ನುವುದುಂಟು. ಒಪ್ಪುವುದು ಕಷ್ಟ. ಕಾಯಿಯ ಹೆಸರಾದ ‘ಬಾದಾಮಿ’ ಪಾರಸಿಯಿಂದ ಬಂದದ್ದು; ಊರಿನ ಹೆಸರಾದರೋ ಆ ಪದ ಕನ್ನಡಕ್ಕೆ ಬರುವ ಎಷ್ಟೋ ಮೊದಲಿನದು. ಕ್ರಿ.ಶ. 543ರಲ್ಲಿ ಒಂದನೆಯ ಪುಲಕೇಶಿ ಕೋಟೆಯ ಬಂಡೆಯ ಮೇಲೆ ಕೆತ್ತಿಸಿದ ಶಾಸನದಲ್ಲಿ ಇದು ‘ವಾತಾಪಿ’. ಮುಂದೆ ಕನ್ನಡ ಶಾಸನಗಳಲ್ಲಿ ‘ಬಾದಾವಿ’. ವಕಾರ ಬಕಾರವಾಗುವುದು ನಮ್ಮ ನುಡಿಗೆ ಸಹಜ. ವನ ಬನವಾದದ್ದೂ ಹಾಗೆಯೇ. ‘ವಿ’ ಸವೆದು ‘ಮಿ’ ಆದದ್ದು ಕೊನೆಯ ಹೆಜ್ಜೆ.

ಹಾಗಾದರೆ ಅಗಸ್ತ್ಯರು ಅರಗಿಸಿಕೊಂಡ ವಾತಾಪಿ ರಾಕ್ಷಸನೇ ಮೂಲವೇ? ಗ್ರೀಕ್ ಭೂಗೋಳಕಾರ ಟಾಲೆಮಿ 2ನೇ ಶತಮಾನದಲ್ಲಿ ಹೇಳಿದ ‘ಬದಿಯಮಾಯಿ’ ಇದೇ ಊರಾದರೆ, ಜನರ ನಾಲಗೆಯ ಹೆಸರೇ ಹಿರಿಯದು. ಪುರಾಣದ ಹೆಸರು ಅದರ ಮೇಲೆ ಕೂತಿರಬೇಕು.