ಕೆಂಪಾದ ಹಲಗೆ, ಹರಿಹರದ 14 ಕಮಾನು

ಭಾಗ 1/6

ದೋಸ್ತ್ರೇ, ಮೊನ್ನೆ ರಾತ್ರಿ ವಾಲ್‌ಹೈಮ್‌ನಲ್ಲಿ ನಾನು ಕಟ್ಟಿದ ಸೇತುವೆ ಮೂರನೇ ಸಲ ಬಿತ್ತು.

ಆಡದೇ ಇರೋರಿಗೆ ಒಂದು ಮಾತು. ಇದು ಕಾಡಲ್ಲಿ ಮರ ಕಡಿದು, ಮನೆ ಕಟ್ಟಿಕೊಂಡು, ಬದುಕಿ ಉಳಿಯೋ ಆಟ. ಮೈನ್‌ಕ್ರಾಫ್ಟ್‌ನಲ್ಲಿ ಹಲಗೆ ಗಾಳಿಯಲ್ಲೇ ನಿಲ್ಲುತ್ತೆ, ಇಲ್ಲಿ ನಿಲ್ಲಲ್ಲ. ಸುತ್ತಿಗೆ ಹಿಡಿದು ನೋಡಿದ್ರೆ ನೆಲ ಮುಟ್ಟಿರೋ ಕಂಬ ನೀಲಿ ಕಾಣುತ್ತೆ. ಅಲ್ಲಿಂದ ದೂರ ಹೋದಂತೆ ಹಸಿರು, ಹಳದಿ, ಕೊನೆಗೆ ಕೆಂಪು. ಕೆಂಪಾದ ಮೇಲೂ ಮುಂದಕ್ಕೆ ಹಲಗೆ ಹೊಡೀತಾ ಹೋದ್ರೆ ಮುರಿದು ಬೀಳುತ್ತೆ. ಆ ಬಣ್ಣ ಕೇಳೋದು ಒಂದೇ ಪ್ರಶ್ನೆ: ಈ ಭಾರ ನೆಲಕ್ಕೆ ಇಳಿಯೋಕೆ ದಾರಿ ಇದೆಯಾ?

ಹಿಂದೆ ನಿಂತು ನೋಡ್ತಿದ್ದ ಅಪ್ಪ, "ಹರಿಹರದ ಹಳೇ ಸೇತುವೆನ ಒಂದ್ಸಲ ಕೆಳಗಿಂದ ನೋಡಿ ಬಾ. ಬಸ್ಸಲ್ಲಿ ಮೇಲೆ ಹೋದ್ರೆ ಏನೂ ಗೊತ್ತಾಗಲ್ಲ" ಅಂದ್ರು. ಹೋದೆ. ಈ ಸರಣಿ ಅಲ್ಲಿಂದ ಶುರು.

ಭಾಗ 2/6: ಸೇತುವೆ ಇಲ್ಲದ ಕಾಲ

ಕೂಡ್ಲಿಯಲ್ಲಿ ತುಂಗಾ, ಭದ್ರಾ ಸೇರಿ ನಮ್ಮ ಹೊನ್ನಾಳಿ ದಾಟಿ ಹರಿಹರಕ್ಕೆ ಹೋಗ್ತಾಳೆ. ಚನ್ನಗಿರಿ ಕಡೆಯವರ ಸೂಳೆಕೆರೆಗೆ ನೀರು ತರೋ ಹರಿದ್ರಾ ಹಳ್ಳ ಕೂಡ ಕೊನೆಗೆ ಸೇರೋದು ಅಲ್ಲೇ. ಈ ಹೊಳೆ ದಾಟೋಕೆ ಆಗ ಇದ್ದದ್ದು ಹರಿಗೋಲು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇದನ್ನ ನೋಡಿ ಬರೆದಿದ್ದಾನೆ: ಬುಟ್ಟಿ ಥರ ದುಂಡಗೆ, ಒಳಗೆ ಬೆತ್ತ, ಹೊರಗೆ ಚರ್ಮ, 15-20 ಜನ ಕೂರಬಹುದು, ಕುದುರೆ ಎತ್ತು ಕೂಡ ದಾಟ್ತವೆ.

ನಮ್ಮಜ್ಜಿ ಹೇಳೋದು ಇಷ್ಟೇ: "ಹೊಳೆ ತುಂಬಿತು ಅಂದ್ರೆ ಆಚೆ ದಡದ ಮದುವೆ ಆಚೆಗೇ, ಈಚೆ ದಡದ ಸಾವು ಈಚೆಗೇ." ಸೇತುವೆ ಅಂದ್ರೆ ಏನು ಅಂತ ನನಗೆ ಅರ್ಥ ಆಗಿದ್ದು ಆ ಮಾತಿಂದ.

ಭಾಗ 3/6: ಹರಿಹರ, 1868

ಬೆಂಗಳೂರಿಂದ ಧಾರವಾಡಕ್ಕೆ ಹೋಗೋ ಹೆದ್ದಾರಿಗಾಗಿ ಕಟ್ಟಿದ ಈ ಸೇತುವೆ 1868ರಲ್ಲಿ ಮುಗೀತು. ಕಲ್ಲು, ಇಟ್ಟಿಗೆ ಕೆಲಸ. 14 ಕಮಾನು, ಒಂದೊಂದೂ 60 ಅಡಿ ಅಗಲ. ಲೆಕ್ಕ ಹಾಕಿ, ಕಮಾನುಗಳದ್ದೇ 840 ಅಡಿ ಆಯ್ತು. ಖರ್ಚು ಆ ಕಾಲದಲ್ಲೇ ಸುಮಾರು ಮೂರೂವರೆ ಲಕ್ಷ ರೂಪಾಯಿ.

60 ಅಡಿ ಉದ್ದದ ಒಂದೇ ಕಲ್ಲು ಎಲ್ಲಿಂದ ತರ್ತೀರಿ? ತಂದು ಅಡ್ಡ ಇಟ್ಟರೂ ತನ್ನ ಭಾರಕ್ಕೇ ನಡುವೆ ಬಿರುಕು ಬಿಡುತ್ತೆ. ಯಾಕಂದ್ರೆ ಕಲ್ಲನ್ನ ಒತ್ತಿದ್ರೆ ತಡೆಯುತ್ತೆ, ಎಳೆದ್ರೆ ತಡೆಯಲ್ಲ. ಕಮಾನಿನಲ್ಲಿ ಪ್ರತಿ ಕಲ್ಲೂ ಪಕ್ಕದ ಕಲ್ಲನ್ನ ಒತ್ತುತ್ತೆ. ಭಾರ ಬಾಗುತ್ತಾ ಬಾಗುತ್ತಾ ಕಂಬಕ್ಕೆ ಇಳಿಯುತ್ತೆ. ಒಂದು ಕಮಾನಿನ ಒತ್ತಡಕ್ಕೆ ಪಕ್ಕದ ಕಮಾನು ಎದುರು ಒತ್ತಡ ಕೊಡುತ್ತೆ, ಕೊನೆಯದರ ಒತ್ತಡವನ್ನ ದಡದ ಗೋಡೆ ಹೊರುತ್ತೆ. 14 ಜನ ಹೆಗಲಿಗೆ ಹೆಗಲು ಕೊಟ್ಟು ನಿಂತ ಹಾಗೆ. ನನ್ನ ಆಟದ ಸೇತುವೆಯಲ್ಲಿ ಇಲ್ಲದೇ ಇದ್ದದ್ದು ಇದೇ. ನಾನು ಎರಡು ದಡದಿಂದ ಹಲಗೆ ಚಾಚಿಕೊಂಡು ಬಂದು ನಡುವೆ ಸೇರಿಸೋಕೆ ನೋಡಿದ್ದೆ.

ಭಾಗ 4/6: ಕಮಾನು ಬೇಡ, ಕಂಬ ಸಾಕು

ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಇರೋ ವೆಲ್ಲೆಸ್ಲಿ ಸೇತುವೆ ಇನ್ನೂ ಹಳೇದು, 1804ರದ್ದು. ದಿವಾನ್ ಪೂರ್ಣಯ್ಯನವರ ಮೇಲ್ವಿಚಾರಣೆಯಲ್ಲಿ ಆದದ್ದು. ಇಲ್ಲಿ ಕಮಾನೇ ಇಲ್ಲ. ಸಾಲು ಸಾಲು ಕಲ್ಲಿನ ಕಂಬ, ಅದರ ತಲೆ ಮೇಲೆ ಚಾಚುಗಲ್ಲು, ಅದರ ಮೇಲೆ ಚಪ್ಪಡಿ. ನಮ್ಮ ಹಳೇ ಗುಡಿಗಳ ಮಂಟಪ ನೋಡಿದೀರಲ್ಲ, ಅದನ್ನೇ ಹೊಳೆಗೆ ಇಳಿಸಿದ ಹಾಗೆ. ಚಪ್ಪಡಿ ಚಿಕ್ಕದಿದ್ರೆ ಕಂಬ ಹತ್ತಿರ ಹತ್ತಿರ ಇಡಬೇಕು. ಆಟದ ಭಾಷೇಲಿ ಹೇಳೋದಾದ್ರೆ ಯಾವ ಹಲಗೆಯೂ ಕೆಂಪಾಗೋಕೆ ಬಿಟ್ಟಿಲ್ಲ.

ಹಾಗಾದ್ರೆ ಅದೇ ಗಟ್ಟಿ ಅಂತೀರಾ? ಶಿವನಸಮುದ್ರದಲ್ಲೂ ಇದೇ ಥರದ ಹಳೇ ಕಲ್ಲಿನ ಸೇತುವೆ ಇತ್ತು. 2018ರ ಪ್ರವಾಹದಲ್ಲಿ ಅದರ ಒಂದು ಭಾಗ ಕೊಚ್ಚಿಕೊಂಡು ಹೋಯ್ತು. ಹಂಪಿಯಲ್ಲಿ ತುಂಗಭದ್ರೆಯೊಳಗೆ ಇವತ್ತಿಗೂ ಹಳೇ ಸೇತುವೆಯ ಕಲ್ಲಿನ ಕಂಬಗಳು ನಿಂತಿವೆ. ಮೇಲಿನ ದಾರಿ ಮಾತ್ರ ಇಲ್ಲ.

ಭಾಗ 5/6: ಮುಗಿಯೋ ಮುಂಚೆ

ಅದೇ ಹಂಪಿ ಹತ್ತಿರ, ಆನೆಗೊಂದಿಗೆ ಹೋಗೋಕೆ ಹೊಸ ಸೇತುವೆ ಕಟ್ಟೋ ಕೆಲಸ 90ರ ದಶಕದಲ್ಲಿ ಶುರುವಾಗಿತ್ತು. ಅಲ್ಲಿನ ಸೇತುವೆ ಕೆಲಸದಿಂದ ಪಾರಂಪರಿಕ ತಾಣಕ್ಕೆ ಧಕ್ಕೆ ಅಂತ ಯುನೆಸ್ಕೊ 1999ರಲ್ಲಿ ಹಂಪಿಯನ್ನ ಅಪಾಯದ ಪಟ್ಟಿಗೆ ಸೇರಿಸಿತು, 2006ರಲ್ಲಿ ತೆಗೀತು. 2009ರ ಜನವರಿಯಲ್ಲಿ ಆ ಸೇತುವೆ ಕಟ್ಟುತ್ತಿರುವಾಗಲೇ ಕುಸಿದು ಬಿತ್ತು. ಸತ್ತವರು ಅಲ್ಲಿ ಕೂಲಿ ಮಾಡ್ತಿದ್ದವರು.

ಸೇತುವೆ ತುಂಬಾ ನಾಜೂಕಾಗಿ ಇರೋದು ಅರ್ಧ ಆಗಿರುವಾಗ. ಹರಿಹರದಂಥ ಕಮಾನು ಕೂಡ ನಡುವಿನ ಕೊನೇ ಕಲ್ಲು ಕೂರೋ ತನಕ ಸ್ವಂತ ಬಲದ ಮೇಲೆ ನಿಲ್ಲಲ್ಲ, ಕೆಳಗೆ ಮರದ ಆಸರೆ ಬೇಕೇ ಬೇಕು. ಆಟದಲ್ಲಿ ಬಿದ್ರೆ ಕಟ್ಟಿಗೆ ಆರಿಸಿಕೊಂಡು ಮತ್ತೆ ಹೊಡೀತೀವಿ. ಹೊಳೆ ಮೇಲೆ ಕೆಲಸ ಮಾಡೋರಿಗೆ ಎರಡನೇ ಜೀವ ಇರಲ್ಲ.

ಭಾಗ 6/6: ಆಟ ಹೇಳಿಕೊಡದ ಪಾಠ

ವಾಲ್‌ಹೈಮ್‌ನಲ್ಲಿ ಮಳೆಗೆ ಮರ ಸವೆಯುತ್ತೆ, ಆದ್ರೆ ಹೊಳೆ ಏರಲ್ಲ. ನಿಜವಾದ ಹೊಳೆ ಏರುತ್ತೆ. ನೀರು ಕಂಬಕ್ಕೆ ಬಡಿದು ಸುಳಿ ತಿರುಗಿ ಬುಡದ ಮರಳನ್ನ ಕೊರೆಯುತ್ತೆ. ಕಂಬ ಬಂಡೆ ಮೇಲೆ ಕೂತಿದ್ರೆ ಸರಿ, ಇಲ್ಲಾಂದ್ರೆ ಕಾಲ ಕೆಳಗಿನ ನೆಲವೇ ಮಾಯ. ಸೇತುವೆ ಹತ್ತಿರ ಮರಳು ತೆಗೀಬಾರದು ಅಂತ ನಿಯಮ ಇರೋದು ಇದಕ್ಕೇ. ಹೊಳೆ ಮಾಡೋ ಕೆಲಸವನ್ನ ನಾವೇ ಲಾರಿ ತಂದು ಮಾಡಿಕೊಡಬಾರದಲ್ಲ.

ಈಗ ನಿಜ ಹೇಳ್ತೀನಿ. ಹೋದ ಮಳೆಗಾಲ ನ್ಯಾಮತಿ ಕಡೆ ಒಂದು ಹಳ್ಳದ ಕಿರುಸೇತುವೆ ಮೇಲೆ ನೀರು ಹರೀತಿತ್ತು. ಮೊಣಕಾಲುದ್ದವೂ ಇರಲಿಲ್ಲ. ಗೆಳೆಯ ಬೈಕ್ ಬಿಟ್ಟ, ದಾಟಿದ. ರೀಲ್ಸ್‌ಗೆ ವಿಡಿಯೋ ಮಾಡಿದ್ದು ನಾನೇ. ಮಾರನೇ ದಿನ ನೀರು ಇಳಿದ ಮೇಲೆ ಹೋಗಿ ನೋಡಿದ್ವಿ. ಒಂದು ಬದಿಗೆ ಡಾಂಬರು ಹಪ್ಪಳದ ಥರ ನಿಂತಿತ್ತು, ಕೆಳಗೆ ಮಣ್ಣೇ ಇರಲಿಲ್ಲ. ಅವನು ದಾಟಿದ್ದು ಅದರ ಮೇಲೇ. ಇಬ್ಬರೂ ಮಾತಾಡಲಿಲ್ಲ. ವಿಡಿಯೋ ಅವತ್ತೇ ಅಳಿಸಿದೆ.

ಅಲ್ಲಿ ಹಲಗೆ ಕೆಂಪಾಗಿ ತೋರಿಸೋಕೆ ಯಾವ ಸುತ್ತಿಗೆಯೂ ಇರಲಿಲ್ಲ. ನೀರು ಮೇಲೆ ಹರೀತಿದ್ರೆ ಅದೇ ಕೆಂಪು ಅಂತ ತಿಳ್ಕೊಳ್ಳಿ. ಜಗಳೂರು ಕಡೆಯ ದೋಸ್ತ್ರೇ, ನಿಮ್ಮಲ್ಲಿ ವರ್ಷವಿಡೀ ಒಣಗಿರೋ ಹಳ್ಳಕ್ಕೂ ಒಂದು ಜೋರು ಮಳೆ ಸಾಕು. ಕಾಲೇಜಿಗೆ ಒಂದು ದಿನ ಚಕ್ಕರ್ ಆದ್ರೆ ಆಗಲಿ. ಈಚೆ ದಡದಲ್ಲೇ ನಿಲ್ಲಿ.

ಅಂದ ಹಾಗೆ, ನನ್ನ ನಾಲ್ಕನೇ ಸೇತುವೆ ನಿಂತಿದೆ. ಹೊಳೆ ನಡುವೆ ಬಂಡೆ ಹುಡುಕಿ, ಅದರ ಮೇಲೆ ಕಂಬ ನೆಟ್ಟೆ. ಎಲ್ಲೂ ಕೆಂಪಿಲ್ಲ. ಕೊನೇ ಫೋಟೋ ನೋಡಿ.

ನಿಮ್ಮೂರಿನ ಹಳೇ ಸೇತುವೆ ಯಾವುದು? ಈ ಸಲ ಕೆಳಗಿಂದ ಒಂದು ಫೋಟೋ ತೆಗೆದು ಕಳಿಸಿ. ಬೇಸಿಗೆಯಲ್ಲಿ ಮಾತ್ರ!

#ಹೊನ್ನಾಳಿ #ನ್ಯಾಮತಿ #ಚನ್ನಗಿರಿ #ಜಗಳೂರು #ತುಂಗಭದ್ರೆ #ಸೇತುವೆಕಥೆ