ಗುಳಿಗೆಯ ಜೊತೆಗಿನ ಚೀಟಿ

ಔಷಧದ ಪೆಟ್ಟಿಗೆಯೊಳಗಿನ ಚೀಟಿಯನ್ನು ಓದದೆ ಎಸೆಯುವವರಲ್ಲಿ ನಾನೂ ಒಬ್ಬನಾಗಿದ್ದೆ. ಅದರ ಚರಿತ್ರೆ ತಿಳಿದ ಮೇಲೆ ಕೈ ತಡೆಯಿತು.

ಮೊದಲ ಗರ್ಭನಿರೋಧಕ ಗುಳಿಗೆ ‘ಎನೋವಿಡ್’ಗೆ ಅಮೆರಿಕದಲ್ಲಿ ಒಪ್ಪಿಗೆ ದೊರೆತದ್ದು 1960ರಲ್ಲಿ. ಮರುವರ್ಷವೇ ಇಂಗ್ಲೆಂಡಿನ ಡಾ. ಜೋರ್ಡನ್, ಅದನ್ನು ಸೇವಿಸುತ್ತಿದ್ದ ದಾದಿಯೊಬ್ಬಳ ಶ್ವಾಸಕೋಶದಲ್ಲಿ ರಕ್ತದ ಹೆಪ್ಪು ಸಿಕ್ಕಿಕೊಂಡುದನ್ನು ‘ಲ್ಯಾನ್ಸೆಟ್’ ಪತ್ರಿಕೆಗೆ ಬರೆದರು. ಗುಳಿಗೆಯ ಈಸ್ಟ್ರೋಜೆನ್ ರಕ್ತವನ್ನು ಬೇಗ ಹೆಪ್ಪುಗಟ್ಟಿಸುತ್ತದೆಂಬುದು ಬರಬರುತ್ತ ಖಚಿತವಾಯಿತು. ನುಂಗುವವರಲ್ಲಿ ಬಹುಮಂದಿಗೆ ಮಾತ್ರ ತಿಳಿಯಲಿಲ್ಲ.

1970ರಲ್ಲಿ ಸೆನೆಟರ್ ನೆಲ್ಸನ್ ವಿಚಾರಣೆ ಆರಂಭಿಸಿದಾಗಲೂ ಗುಳಿಗೆ ನುಂಗಿದ ಒಬ್ಬಳನ್ನೂ ಸಾಕ್ಷಿಗೆ ಕರೆದಿರಲಿಲ್ಲ. ಏಕೆಂದು ಆಲಿಸ್ ವುಲ್ಫ್‌ಸನ್ ಮೊದಲಾದ ಹೆಂಗಸರು ಸಭೆಯಲ್ಲೇ ಎದ್ದು ಕೇಳಿದರು. ಆ ವರ್ಷವೇ ಎಚ್ಚರಿಕೆಯ ಚೀಟಿ ಕಡ್ಡಾಯವಾಯಿತು.

ಇಂದಿನ ಗುಳಿಗೆಯಲ್ಲಿ ಈಸ್ಟ್ರೋಜೆನ್ ಕಡಮೆ. ಅಪಾಯವೂ ಬಸಿರಿನಲ್ಲಿರುವುದಕ್ಕಿಂತ ಕಡಮೆ. ಆದರೂ ಕಾಲು ಬಾತು ನೋಯುವಾಗ, ಉಸಿರು ಕಟ್ಟುವಾಗ ತಡಮಾಡಬೇಡಿರೆಂದು ಹೇಳುವುದು ಆ ಚೀಟಿಯೇ.