ಹೊಟಗಿ–ಗದಗ ಮೀಟರ್‌ಗೇಜ್ ಹಳಿ

ವಿಜಯಪುರದ ಮೂಲಕ ಹಾದುಹೋಗುತ್ತಿದ್ದ ಹೊಟಗಿ–ಗದಗ ಮೀಟರ್‌ಗೇಜ್ ರೈಲುಮಾರ್ಗ ಹುಟ್ಟಿದ್ದು ಬರದಿಂದ. 1876–78ರ ಧಾತು–ಈಶ್ವರ ಬರ ಕಳೆದು 1881ರಲ್ಲಿ ಜನಗಣತಿ ನಡೆದಾಗ, ಆಗಿನ ಕಲಾದಗಿ ಜಿಲ್ಲೆಯಲ್ಲಿ 1872ರಲ್ಲಿದ್ದ ಜನರ ಪೈಕಿ ಐದನೇ ಒಂದು ಪಾಲಿಗಿಂತ ಹೆಚ್ಚು ಮಂದಿ ಕಡಿಮೆಯಾಗಿದ್ದರು. ಸೊಲ್ಲಾಪುರಕ್ಕೆ 1860ರಲ್ಲೇ ರೈಲು ಬಂದಿತ್ತು. ಅಲ್ಲಿಂದ ಮುಂದೆ ಕಾಳು ಬರಬೇಕಾದದ್ದು ಎತ್ತಿನ ಗಾಡಿಯಲ್ಲಿ. ಮೇವು ನೀರಿಲ್ಲದ ಕಾಲದಲ್ಲಿ ಎತ್ತುಗಳೇ ಉಳಿಯಲಿಲ್ಲ.

1882ರಲ್ಲಿ ಸ್ಥಾಪನೆಯಾದ ಸದರ್ನ್ ಮರಾಠಾ ರೈಲ್ವೆ ಕಂಪನಿ ಸುಮಾರು 280 ಕಿಲೋಮೀಟರ್ ಉದ್ದದ ಈ ಮಾರ್ಗವನ್ನು ಕೈಗೆತ್ತಿಕೊಂಡಿತು. ಭೀಮಾ, ಕೃಷ್ಣಾ, ಮಲಪ್ರಭಾ ನದಿಗಳನ್ನು ದಾಟುವ ಹಳಿಯ ಮೇಲೆ 1884ರಲ್ಲಿ ರೈಲು ಓಡಾಡತೊಡಗಿತು. ಮರುವರ್ಷ ಜಿಲ್ಲಾ ಕೇಂದ್ರ ಕಲಾದಗಿಯಿಂದ ವಿಜಯಪುರಕ್ಕೆ ಬಂತು. ಗೋಳಗುಮ್ಮಟದ ಪಕ್ಕದಲ್ಲೇ ನಿಲ್ದಾಣವಿದ್ದ ಹಾಳು ರಾಜಧಾನಿ ಮತ್ತೆ ಕಚೇರಿಗಳ ಊರಾಯಿತು. ರೈಲು ತಪ್ಪಿದ ಕಲಾದಗಿ ಹಿಂದೆ ಬಿತ್ತು.

ಹಳಿ ಬಂದ ಮಾತ್ರಕ್ಕೆ ಬರ ನಿಲ್ಲಲಿಲ್ಲ. 1896–97 ಮತ್ತು 1899–1900ರ ಬರಗಳಲ್ಲಿ ಹೊರಗಿನ ಕಾಳನ್ನು ತರಲು ದಾರಿಯಿತ್ತು, ಕೊಳ್ಳಲು ಕೂಲಿಯವನ ಕೈಯಲ್ಲಿ ಕಾಸಿರಲಿಲ್ಲ. 1891ರಿಂದ 1901ರ ನಡುವೆ ಜಿಲ್ಲೆಯ ಜನಸಂಖ್ಯೆ ಸುಮಾರು 60 ಸಾವಿರದಷ್ಟು ಇಳಿಯಿತು.

ಕಡಿಮೆ ಖರ್ಚಿಗೆಂದು ಆರಿಸಿದ ಒಂದು ಮೀಟರ್ ಅಗಲದ ಹಳಿಯೇ ಮುಂದೆ ಈ ಮಾರ್ಗದ ದೊಡ್ಡ ತೊಡಕಾಯಿತು. ಹೊಟಗಿಯಲ್ಲಿ ಇದು ಮುಂಬೈ–ಮದ್ರಾಸ್ ಬ್ರಾಡ್‌ಗೇಜನ್ನು ಸೇರುತ್ತಿತ್ತು. ಅಲ್ಲಿನ ಹಳಿಯ ಅಗಲ 1676 ಮಿಲಿಮೀಟರ್, ಆದ್ದರಿಂದ ಇಲ್ಲಿಯ ವ್ಯಾಗನ್ ಮುಂದೆ ಹೋಗುವಂತಿರಲಿಲ್ಲ. ಹತ್ತಿಯಾಗಲಿ ಜೋಳವಾಗಲಿ ಹಮಾಲರು ಇಳಿಸಿ ಮತ್ತೆ ಹೇರಬೇಕಿತ್ತು. ಇನ್ನೊಂದು ತೊಂದರೆ ನಿಲ್ದಾಣಗಳ ಹೆಸರಲ್ಲೇ ಇದೆ: ಇಂಡಿ ರೋಡ್, ಬಸವನ ಬಾಗೇವಾಡಿ ರೋಡ್, ಗುಳೇದಗುಡ್ಡ ರೋಡ್. ಊರು ದೂರ, ಗಾಡಿಯಿಂದ ಇಳಿದವನಿಗೆ ಇನ್ನೂ ಹಾದಿ ಉಳಿದಿರುತ್ತಿತ್ತು. ನಿಂಬಾಳದಂತಹ ಸಣ್ಣ ಹಳ್ಳಿಗೆ ಮಾತ್ರ ನಿಲ್ದಾಣ ಒಲಿದಿತ್ತು. ಗುರುದೇವ ರಾನಡೆಯವರ ಆಶ್ರಮಕ್ಕೆ ಬರುವ ಸಾಧಕರಿಗೆ ಅದೇ ಬಾಗಿಲಾಯಿತು.

ಆಡಳಿತ ಹಲವು ಬಾರಿ ಬದಲಾಯಿತು: 1908ರಲ್ಲಿ ಮದ್ರಾಸ್ ಅಂಡ್ ಸದರ್ನ್ ಮರಾಠಾ, 1951ರಲ್ಲಿ ದಕ್ಷಿಣ ರೈಲ್ವೆ, 1966ರ ಬಳಿಕ ದಕ್ಷಿಣ ಮಧ್ಯ, 2003ರಿಂದ ನೈರುತ್ಯ ರೈಲ್ವೆ. 1992ರಲ್ಲಿ ದೇಶದಾದ್ಯಂತ ಒಂದೇ ಅಗಲದ ಹಳಿಯ ಯೋಜನೆ ಆರಂಭವಾದ ಮೇಲೆ ಮೀಟರ್‌ಗೇಜಿನ ದಿನಗಳು ಮುಗಿಯುತ್ತ ಬಂದವು. ಒಮ್ಮೆಗೇ ಅಲ್ಲ, ತುಂಡುತುಂಡಾಗಿ ಹಳಿ ಕೀಳಲಾಯಿತು. ಕೆಲಸ ನಡೆದಷ್ಟು ಕಾಲ ನೇರ ಪ್ರಯಾಣ ಕಡಿದುಹೋಗಿ ಜನ ಬಸ್ಸಿಗೆ ಹೊರಳಿದರು. ಹೊಸ ಶತಮಾನದ ಮೊದಲ ದಶಕ ಮುಗಿಯುವ ಹೊತ್ತಿಗೆ ಇಡೀ ಮಾರ್ಗ ಬ್ರಾಡ್‌ಗೇಜ್ ಆಗಿತ್ತು. ಕೂಡಗಿಯ 2400 ಮೆಗಾವ್ಯಾಟ್ ಉಷ್ಣವಿದ್ಯುತ್ ಸ್ಥಾವರದ ಕಲ್ಲಿದ್ದಲು ಈಗ ಹೊಟಗಿಯಲ್ಲಿ ಇಳಿಯದೆ ನೇರವಾಗಿ ಬರುತ್ತದೆ.

ಜಿಲ್ಲೆಯ ಪಶ್ಚಿಮಕ್ಕಿರುವ ತಿಕೋಟಾ, ಬಬಲೇಶ್ವರಗಳಿಗೆ ಮೀಟರ್‌ಗೇಜೂ ಬರಲಿಲ್ಲ, ಬ್ರಾಡ್‌ಗೇಜೂ ಬಂದಿಲ್ಲ. ವಿಜಯಪುರದಿಂದ ಅಥಣಿಯ ಕಡೆಗೆ, ಶೇಡಬಾಳದವರೆಗೆ ಹಳಿ ಬೇಕೆಂಬ ಬೇಡಿಕೆ ಹಳೆಯದು. ತಿಕೋಟಾ ಸೀಮೆಯ ಒಣದ್ರಾಕ್ಷಿ ಲಾರಿಯಲ್ಲೇ ಸಾಂಗಲಿ, ತಾಸಗಾಂವ ಪೇಟೆಗೆ ಹೋಗುತ್ತಿದೆ.